ಎದುರಾಳಿಯ ಅಂಗಳದ ಗೋಲಿಗೆ ಎಷ್ಟು ತೂಕ?

2024ರ ಏಪ್ರಿಲ್ 17ರ ರಾತ್ರಿ. ಮ್ಯಾಂಚೆಸ್ಟರ್‌ನ ಎತಿಹಾದ್ ಕ್ರೀಡಾಂಗಣದಲ್ಲಿ ಚಾಂಪಿಯನ್ಸ್ ಲೀಗ್ ಫುಟ್ಬಾಲ್ ಕ್ವಾರ್ಟರ್‌ಫೈನಲ್‌ನ ಎರಡನೇ ಚರಣದ ಪಂದ್ಯ. ನಿಗದಿತ ಅವಧಿ ಮುಗಿದಾಗ ಆತಿಥೇಯ ಮ್ಯಾಂಚೆಸ್ಟರ್ ಸಿಟಿ ಮತ್ತು ರಿಯಲ್ ಮ್ಯಾಡ್ರಿಡ್ ತಂಡಗಳು 1-1ರಲ್ಲಿ ಸಮನಾಗಿದ್ದವು. ಎಂಟು ದಿನಗಳ ಹಿಂದೆ ಮ್ಯಾಡ್ರಿಡ್‌ನಲ್ಲಿ ನಡೆದ ಮೊದಲ ಚರಣ 3-3ರಲ್ಲಿ ಕೊನೆಗೊಂಡಿತ್ತು. ಒಟ್ಟು ಲೆಕ್ಕ 4-4.

ಮೂರು ವರ್ಷ ಮೊದಲಾಗಿದ್ದರೆ ಆಟ ಅಲ್ಲಿಗೇ ಮುಗಿದು ಸಿಟಿ ಸೆಮಿಫೈನಲ್ ಪ್ರವೇಶಿಸುತ್ತಿತ್ತು. ಏಕೆಂದರೆ ಎದುರಾಳಿಯ ಅಂಗಳದಲ್ಲಿ ಸಿಟಿ ಹೊಡೆದದ್ದು ಮೂರು ಗೋಲು, ರಿಯಲ್ ಹೊಡೆದದ್ದು ಒಂದೇ. ಆದರೆ ಆ ನಿಯಮ ಆಗ ಇರಲಿಲ್ಲ. ಹೆಚ್ಚುವರಿ ಅರ್ಧ ಗಂಟೆಯಲ್ಲಿ ಗೋಲು ಬರಲಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ರಿಯಲ್ 4-3ರಿಂದ ಗೆದ್ದಿತು. ಜೂನ್ 1ರಂದು ಲಂಡನ್‌ನ ವೆಂಬ್ಲಿಯಲ್ಲಿ ಬೊರುಸಿಯಾ ಡಾರ್ಟ್ಮಂಡ್ ತಂಡವನ್ನು ಮಣಿಸಿ ಹದಿನೈದನೆಯ ಬಾರಿ ಯುರೋಪಿನ ಕಿರೀಟ ಧರಿಸಿತು. ಕಡತ ಸೇರಿದ ಒಂದು ನಿಯಮದ ಬೆಲೆ ಇಷ್ಟು.

'ಅವೇ ಗೋಲ್' ಎಂದೇ ಕ್ರೀಡಾಭಿಮಾನಿಗಳಿಗೆ ಪರಿಚಿತವಾದ ಈ ನಿಯಮದ ಸ್ವರೂಪ ಸರಳ. ಎರಡು ತಂಡಗಳು ತಮ್ಮ ತಮ್ಮ ಅಂಗಳದಲ್ಲಿ ಒಂದೊಂದು ಪಂದ್ಯ ಆಡುತ್ತವೆ. ಎರಡೂ ಪಂದ್ಯಗಳ ಗೋಲುಗಳನ್ನು ಕೂಡಿಸಿದಾಗ ಸಮವಾದರೆ, ಪರಸ್ಥಳದಲ್ಲಿ ಹೆಚ್ಚು ಗೋಲು ಗಳಿಸಿದ ತಂಡವೇ ಮುಂದಿನ ಸುತ್ತಿಗೆ. ಪರಸ್ಥಳದ ಒಂದು ಗೋಲು ಎರಡಕ್ಕೆ ಸಮ ಎಂದು ವೀಕ್ಷಕ ವಿವರಣೆಕಾರರು ಹೇಳುತ್ತಿದ್ದುದುಂಟು. ಅದು ತಪ್ಪು. ಒಟ್ಟು ಲೆಕ್ಕ ಸಮವಾದಾಗ ಮಾತ್ರ ಆ ಗೋಲಿನ ತೂಕ ಹೆಚ್ಚುತ್ತಿತ್ತು.

ನಿಯಮ ಹುಟ್ಟಿದ ಕಾಲವನ್ನು ನೋಡಿದರೆ ಅದರ ಉದ್ದೇಶ ಅರ್ಥವಾಗುತ್ತದೆ. 1965ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಜರ್ಮನಿಯ ಕೋಲ್ನ್ ತಂಡಗಳು ಯುರೋಪಿಯನ್ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾದವು. ಎರಡೂ ಚರಣಗಳು ಗೋಲಿಲ್ಲದೆ ಮುಗಿದವು. ತಟಸ್ಥ ತಾಣವಾದ ರಾಟರ್‌ಡ್ಯಾಮ್‌ನಲ್ಲಿ ಮೂರನೆಯ ಪಂದ್ಯ ನಡೆಯಿತು, ಅದೂ 2-2. ಕೊನೆಗೆ ರೆಫರಿ ಒಂದು ಬಿಲ್ಲೆಯನ್ನು ಮೇಲಕ್ಕೆ ಚಿಮ್ಮಿಸಿದರು. ಅದು ಕೆಸರಿನಲ್ಲಿ ನೆಟ್ಟಗೆ ನಿಂತುಬಿಟ್ಟಿತು! ಮತ್ತೊಮ್ಮೆ ಚಿಮ್ಮಿಸಿದಾಗ ಅದೃಷ್ಟ ಲಿವರ್‌ಪೂಲ್ ಪಾಲಿಗೆ ಒಲಿಯಿತು. ಐದು ಗಂಟೆಗಳ ಆಟವನ್ನು ಒಂದು ಬಿಲ್ಲೆ ನಿರ್ಧರಿಸಿತ್ತು.

ಇಂಥ ಮುಜುಗರವನ್ನು ತಪ್ಪಿಸಲು ಯುರೋಪಿನ ಫುಟ್ಬಾಲ್ ಒಕ್ಕೂಟ ಯುಇಎಫ್‌ಎ, 1965-66ರ ಕಪ್ ವಿನ್ನರ್ಸ್ ಕಪ್‌ನಲ್ಲಿ ಹೊಸ ನಿಯಮವನ್ನು ಜಾರಿಗೆ ತಂದಿತು. ಅದರ ಮೊದಲ ಫಲಾನುಭವಿ ಹಂಗೇರಿಯ ಹೊನ್ವೆಡ್. ಆ ತಂಡ ಪ್ರಾಗ್‌ನಲ್ಲಿ ಡುಕ್ಲಾ ವಿರುದ್ಧ 3-2ರಿಂದ ಗೆದ್ದು, ತವರಿನಲ್ಲಿ 1-2ರಿಂದ ಸೋತರೂ ಮುನ್ನಡೆಯಿತು.

ಅಂದಿನ ದಿನಗಳಲ್ಲಿ ಗಡಿ ದಾಟಿ ಆಡುವುದೆಂದರೆ ಪ್ರಯಾಸವೇ ಸರಿ. ದಣಿಸುವ ಪ್ರಯಾಣ, ಪರಿಚಯವಿಲ್ಲದ ಮೈದಾನ, ಎದುರಾಳಿಯ ಆಟವನ್ನು ಟಿ.ವಿ.ಯಲ್ಲಿ ನೋಡಿ ಅರಿಯಲೂ ಅವಕಾಶ ಕಡಿಮೆ. ಹೀಗಾಗಿ ಪ್ರವಾಸಿ ತಂಡಗಳು ಗೋಲಿನ ಮುಂದೆ ಗೋಡೆ ಕಟ್ಟಿ ನಿಲ್ಲುತ್ತಿದ್ದವು. ಅವುಗಳನ್ನು ದಾಳಿಗೆ ಹುರಿದುಂಬಿಸುವುದು ನಿಯಮದ ಆಶಯವಾಗಿತ್ತು.

ಆದರೆ ಮದ್ದು ಕ್ರಮೇಣ ರೋಗವಾಯಿತು. ಪ್ರವಾಸಿಗಳು ಧೈರ್ಯ ಮಾಡುವ ಬದಲು ಆತಿಥೇಯರೇ ಅಂಜತೊಡಗಿದರು. ಮೊದಲ ಚರಣದಲ್ಲಿ ತವರಿನಂಗಳದಲ್ಲಿ ಒಂದು ಗೋಲು ಬಿಟ್ಟುಕೊಟ್ಟರೂ ಎರಡನೇ ಚರಣಕ್ಕೆ ಬೆಟ್ಟದಷ್ಟು ಹೊರೆ. ಆದ್ದರಿಂದ 0-0 ಸಾಕು ಎಂಬ ಲೆಕ್ಕಾಚಾರ ಮೇಲುಗೈ ಪಡೆಯಿತು. 2021ರ ಜೂನ್ 24ರಂದು ನಿಯಮವನ್ನು ಕೈಬಿಟ್ಟಾಗ ಯುಇಎಫ್‌ಎ ಅಧ್ಯಕ್ಷ ಅಲೆಕ್ಸಾಂಡರ್ ಸೆಫೆರಿನ್ ಮುಂದಿಟ್ಟ ಕಾರಣವೂ ಇದೇ.

ಒಕ್ಕೂಟ ಅಂದು ನೀಡಿದ ಅಂಕಿಗಳು ಗಮನಾರ್ಹ. 1970ರ ದಶಕದ ಮಧ್ಯಭಾಗದಲ್ಲಿ ಆತಿಥೇಯರು ನೂರಕ್ಕೆ 61 ಪಂದ್ಯಗಳನ್ನು ಗೆಲ್ಲುತ್ತಿದ್ದರೆ ಪ್ರವಾಸಿಗಳ ಗೆಲುವು 19 ಮಾತ್ರ. 2021ರ ಹೊತ್ತಿಗೆ ಈ ಪ್ರಮಾಣ 47 ಮತ್ತು 30ಕ್ಕೆ ಬಂದಿತ್ತು. ಆತಿಥೇಯರ ಸರಾಸರಿ ಗೋಲು ಪಂದ್ಯಕ್ಕೆ 2.02ರಿಂದ 1.58ಕ್ಕೆ ಇಳಿದರೆ, ಪ್ರವಾಸಿಗಳದು 0.95ರಿಂದ 1.15ಕ್ಕೆ ಏರಿತ್ತು. ಒಳ್ಳೆಯ ಮೈದಾನ, ಸುಖಕರ ಪ್ರಯಾಣ, ವಿಡಿಯೊ ನೆರವಿನ ತೀರ್ಪು ಎಲ್ಲವೂ ಸೇರಿ ತವರಿನ ಬಲವನ್ನು ಸವೆಸಿದ್ದವು. ಪರಸ್ಥಳದ ಗೋಲು ಮೊದಲಿನಷ್ಟು ದುರ್ಲಭವಲ್ಲದ ಮೇಲೆ ಅದಕ್ಕೆ ವಿಶೇಷ ತೂಕವೇಕೆ ಎಂಬ ಪ್ರಶ್ನೆಗೆ ಉತ್ತರ ಕಷ್ಟ.

ನಿಯಮದ ಅತಿ ದೊಡ್ಡ ಲೋಪ ಕಾಣುತ್ತಿದ್ದುದು ಹೆಚ್ಚುವರಿ ಅವಧಿಯಲ್ಲಿ. 2021ರ ಫೆಬ್ರುವರಿಯಲ್ಲಿ ಪೋರ್ಚುಗಲ್‌ನ ಪೋರ್ಟೊ ತವರಿನಲ್ಲಿ ಯುವೆಂಟಸ್ ವಿರುದ್ಧ 2-1ರಿಂದ ಗೆದ್ದಿತ್ತು. ಟ್ಯೂರಿನ್‌ನಲ್ಲಿ 90 ನಿಮಿಷಗಳ ನಂತರ 1-2ರ ಹಿನ್ನಡೆ, ಒಟ್ಟು 3-3. 115ನೇ ನಿಮಿಷದಲ್ಲಿ ಸೆರ್ಜಿಯೊ ಒಲಿವೇರಾ ಅವರ ಫ್ರೀ ಕಿಕ್ ಬಲೆ ಸೇರಿತು. ಯುವೆಂಟಸ್ ಮರುಕ್ಷಣವೇ ಮತ್ತೊಂದು ಗೋಲು ಹೊಡೆದು 4-4 ಮಾಡಿದರೂ ಮುನ್ನಡೆದದ್ದು ಪೋರ್ಟೊ. ಎದುರಾಳಿಯ ಅಂಗಳದಲ್ಲಿ ಪೋರ್ಟೊ ಆಟಗಾರರಿಗೆ ಸಿಕ್ಕಿದ್ದು 120 ನಿಮಿಷ, ಯುವೆಂಟಸ್ ಆಟಗಾರರಿಗೆ 90. ಇದು ಸಮಾನ ಅವಕಾಶವಲ್ಲ. 2003ರ ಸೆಮಿಫೈನಲ್ ಇನ್ನೂ ವಿಚಿತ್ರ. ಎಸಿ ಮಿಲಾನ್ ಮತ್ತು ಇಂಟರ್ ಎರಡಕ್ಕೂ ಸ್ಯಾನ್ ಸಿರೊ ಒಂದೇ ಮನೆ. 0-0 ಮತ್ತು 1-1ರ ಬಳಿಕ ಮಿಲಾನ್ 'ಪರಸ್ಥಳದ ಗೋಲಿನ' ಬಲದಿಂದ ಫೈನಲ್ ತಲುಪಿತು!

ಹಾಗೆಂದು ಈ ನಿಯಮ ಕೊಟ್ಟ ರೋಮಾಂಚನವನ್ನು ಅಲ್ಲಗಳೆಯಲಾಗದು. 2009ರ ಸೆಮಿಫೈನಲ್‌ನಲ್ಲಿ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ಕೊನೆಯ ಗಳಿಗೆಗಳಲ್ಲಿ ಇನಿಯೆಸ್ಟಾ ಒದ್ದ ಚೆಂಡು ಚೆಲ್ಸಿಯ ಕನಸನ್ನು ನುಚ್ಚುನೂರು ಮಾಡಿತು. 2019ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಲೂಕಾಸ್ ಮೌರಾ ಅವರ ಮೂರನೆಯ ಗೋಲು ಗೆದ್ದೇಬಿಟ್ಟೆವೆಂದುಕೊಂಡಿದ್ದ ಅಯಾಕ್ಸ್ ಆಟಗಾರರನ್ನು ಹುಲ್ಲಿನ ಮೇಲೆ ಕುಸಿದು ಬೀಳಿಸಿತು. ಸಮಸ್ಥಿತಿಯಿಲ್ಲದೆ, ಒಂದೇ ಒದೆತಕ್ಕೆ ಸೋಲು ಗೆಲುವಾಗುವ ಆ ಕ್ಷಣ ಈಗ ಅಪರೂಪ.

ಬೆಂಗಳೂರಿನ ಅಭಿಮಾನಿಗಳಿಗೂ ಈ ಲೆಕ್ಕ ಹೊಸದಲ್ಲ. 2016ರ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ವಿರುದ್ಧ ಹೊರಗೆ 1-1 ಸಾಧಿಸಿ ಬಂದಿತ್ತು. ಕಂಠೀರವ ಕ್ರೀಡಾಂಗಣದಲ್ಲಿ ಗೋಲಿಲ್ಲದ ಡ್ರಾ ಸಾಕಿತ್ತು. ಸುನಿಲ್ ಚೆಟ್ರಿ ಬಳಗ 3-1ರಿಂದ ಗೆದ್ದ ಕಾರಣ ಲೆಕ್ಕದ ಗೊಡವೆಯೇ ಬೇಕಾಗಲಿಲ್ಲ. ಏಷ್ಯಾ ಒಕ್ಕೂಟ 2023-24ರಿಂದ ನಿಯಮವನ್ನು ಕೈಬಿಟ್ಟಿತು. ದಕ್ಷಿಣ ಅಮೆರಿಕ ಅದಕ್ಕೂ ಮೊದಲೇ, 2022ರಲ್ಲಿ. ಆಫ್ರಿಕಾದಲ್ಲಿ ಮಾತ್ರ 2025ರ ಏಪ್ರಿಲ್‌ನಲ್ಲೂ ದಕ್ಷಿಣ ಆಫ್ರಿಕಾದ ಮಾಮೆಲೋಡಿ ಸನ್‌ಡೌನ್ಸ್, ಕೈರೋದಲ್ಲಿ 1-1 ಮಾಡಿಕೊಂಡು ಇದೇ ನಿಯಮದಿಂದ ಅಲ್ ಅಹ್ಲಿಯನ್ನು ಹೊರದಬ್ಬಿ ಫೈನಲ್ ತಲುಪಿತು.

ನಿಯಮವನ್ನು ಬೇರುಸಹಿತ ಕೀಳಬೇಕಿತ್ತೆ ಎಂಬುದು ಇಲ್ಲಿನ ನಿಜವಾದ ಪ್ರಶ್ನೆ. ಅಮೆರಿಕದ ಮೇಜರ್ ಲೀಗ್ ಸಾಕರ್ 2014ರಿಂದ 2018ರವರೆಗೆ ತನ್ನ ಪ್ಲೇಆಫ್ ಪಂದ್ಯಗಳಲ್ಲಿ ಮಧ್ಯದ ದಾರಿ ಹಿಡಿದಿತ್ತು. 180 ನಿಮಿಷಗಳ ಕೊನೆಗೆ ಪರಸ್ಥಳದ ಗೋಲುಗಳ ಗಣನೆ, ಅದೂ ಸಮವಾದರೆ ಹೆಚ್ಚುವರಿ ಅವಧಿ. ಆ ಅವಧಿಯ ಗೋಲಿಗೆ ವಿಶೇಷ ತೂಕವಿಲ್ಲ. ಪೋರ್ಟೊಗೆ ಸಿಕ್ಕ ಅನುಚಿತ ಲಾಭ ಇಲ್ಲಿ ಯಾರಿಗೂ ಸಿಗುವುದಿಲ್ಲ. ಆತಿಥೇಯರ ಅಂಜಿಕೆ ಮಾತ್ರ ಉಳಿಯುತ್ತದೆ, ನಿಜ. ಆದರೆ ಅದಕ್ಕೆ ಪ್ರತಿಯಾಗಿ ಯುರೋಪ್ ಆರಿಸಿಕೊಂಡದ್ದು ದಣಿದ ಕಾಲುಗಳ ಪೆನಾಲ್ಟಿ. 2024ರಲ್ಲಿ ತವರಿನಲ್ಲಿ 1-0ರಿಂದ ಗೆದ್ದು, ಮ್ಯಾಡ್ರಿಡ್‌ನಲ್ಲಿ ಗೋಲು ಹೊಡೆದು 1-2ರಿಂದ ಸೋತ ಇಂಟರ್ ಹೊರಬಿದ್ದದ್ದು ಅಟ್ಲೆಟಿಕೊ ವಿರುದ್ಧದ ಶೂಟೌಟ್‌ನಲ್ಲಿ. ಗೋಲಿನ ಲೆಕ್ಕ ಬಿಲ್ಲೆಗಿಂತ ಮೇಲೆಂದು 1965ರಲ್ಲಿ ನಂಬಿದವರಿಗೆ ಈ ವಿನಿಮಯ ಲಾಭದಾಯಕವೆನಿಸುತ್ತಿರಲಿಲ್ಲ.

ಕೆಲವು ಹೋರಾಟಗಳಿಗಂತೂ ಯಾವ ನಿಯಮವೂ ನೆರವಾಗದು. 2025ರ ಮಾರ್ಚ್‌ನಲ್ಲಿ ಲೀಗ್ ಹಂತದ ಅಗ್ರಸ್ಥಾನಿ ಲಿವರ್‌ಪೂಲ್ ಪ್ಯಾರಿಸ್‌ನಲ್ಲಿ 1-0ರಿಂದ ಗೆದ್ದು, ಎರಡನೇ ಚರಣವನ್ನು ತವರಿನಲ್ಲೇ ಆಡಿತು. ಅಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ 1-0ರಿಂದ ಗೆದ್ದು, ಶೂಟೌಟ್‌ನಲ್ಲಿ 4-1ರ ಜಯ ಸಾಧಿಸಿತು. ಹಳೆಯ ನಿಯಮವಿದ್ದಿದ್ದರೂ ಆಟ ಪೆನಾಲ್ಟಿಗೇ ಹೋಗುತ್ತಿತ್ತು. ಎರಡೂ ತಂಡಗಳು ಎದುರಾಳಿಯ ಅಂಗಳದಲ್ಲೇ ತಲಾ ಒಂದು ಗೋಲು ಹೊಡೆದಿದ್ದವು.