ಬೆಂಗಳೂರಿನ ಬೆಳವಣಿಗೆಯೂ ಪೌರರ ಅಭಿಪ್ರಾಯವೂ

ಊರು ಬೆಳೆಯುವುದೆಂದರೆ ಮನೆಗಳು ಹೆಚ್ಚುವುದೆಂದಷ್ಟೇ ಅರ್ಥವಲ್ಲ. ಊರಿನಲ್ಲಿ ಬಾಳುವ ಜನರು ತಮ್ಮ ಊರು ಹೇಗಿರಬೇಕೆಂದು ತಾವೇ ಯೋಚಿಸಿ, ತಾವೇ ನಿರ್ಣಯಿಸಿ, ಆ ನಿರ್ಣಯದ ಭಾರವನ್ನು ತಾವೇ ಹೊರುವ ಯೋಗ್ಯತೆಯನ್ನು ಪಡೆಯುವುದೇ ಊರಿನ ನಿಜವಾದ ಬೆಳವಣಿಗೆ. ೧೯೫೧ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೆ ತುಸು ಕಡಿಮೆ ಜನರಿದ್ದ ನಮ್ಮ ಬೆಂಗಳೂರು ೨೦೧೧ರ ಗಣತಿಯ ಹೊತ್ತಿಗೆ ೮೪ ಲಕ್ಷವನ್ನು ಮುಟ್ಟಿತು. ಆದರೆ ಮೇಲಿನ ಅಳತೆಗೋಲನ್ನು ಹಿಡಿದು ನೋಡಿದರೆ ಈ ನಗರವು ಬೆಳೆದಿದೆಯೋ ಅಥವಾ ಬರಿದೆ ಹರಡಿದೆಯೋ ಎಂಬ ಸಂಶಯವು ಯಾರಿಗಾದರೂ ಉಂಟಾಗದಿರದು.

ಈ ಬೆಳವಣಿಗೆಯ ವಿಷಯದಲ್ಲಿ ಪೌರರ ಅಭಿಪ್ರಾಯವೇನು? ಅದನ್ನರಿಯಲು ದೊಡ್ಡ ಪರಿಶೋಧನೆಯೇನೂ ಬೇಕಿಲ್ಲ. ಬೆಳಗಿನ ವಾಯುಸೇವನೆಗೆ ಲಾಲ್‌ಬಾಗಿಗೆ ಬಂದವರ ಮಾತಿಗೆ ಕಿವಿಗೊಟ್ಟರೆ ಸಾಕು. ಸಂಜೆಯ ಬಸ್ಸಿನಲ್ಲಿ ಒಂದು ಗಂಟೆ ಕುಳಿತರೆ ಸಾಕು. ಮಲ್ಲೇಶ್ವರ ಜಯನಗರಗಳ ಹಳೆಯ ನಿವಾಸಿಯು, ನೆರೆಮನೆಯು ಅಂಗಡಿಯಾಯಿತು, ಎದುರುಮನೆಯು ನಾಲ್ಕಂತಸ್ತಾಯಿತು, ಬೀದಿಯ ಮರವೂ ಮನೆಯ ನೆಮ್ಮದಿಯೂ ಒಟ್ಟಿಗೇ ಹೋದವು ಎನ್ನುವನು. ಮಹದೇವಪುರ ವರ್ತೂರುಗಳ ಕಡೆಯಲ್ಲಿ ಸಾಲ ಮಾಡಿ ಮನೆ ಕೊಂಡ ನೌಕರನು, ತೆರಿಗೆಯನ್ನು ತಪ್ಪದೆ ಕಟ್ಟಿದರೂ ನೀರಿಗೆ ಟ್ಯಾಂಕರಿನವನನ್ನೇ ಬೇಡಬೇಕಾಗಿದೆ ಎನ್ನುವನು. ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿದವನು, ನನ್ನ ಬೆವರಿನ ಮನೆಯನ್ನು ಅಕ್ರಮವೆಂದು ಕರೆಯುವವರು ಸೈಟನ್ನು ಮಾರುವಾಗ ಎಲ್ಲಿದ್ದರೆಂದು ಕೇಳುವನು. ಬಾಡಿಗೆದಾರನು, ಮನೆಗಳು ಏಳುತ್ತಲೇ ಇದ್ದರೂ ಬಾಡಿಗೆಯು ಇಳಿಯದೆಂದು ನಿಟ್ಟುಸಿರಿಡುವನು. ಊರ ಅಂಚಿನ ರೈತನಾದರೋ, ನನ್ನ ಹೊಲದ ಮೇಲೆ ಗೆರೆ ಎಳೆದು ಹೋದವರು ಹಣವನ್ನೂ ಕೊಡಲಿಲ್ಲ, ಹೊಲವನ್ನೂ ಬಿಡಲಿಲ್ಲ ಎನ್ನುವನು.

ಐದು ಬಾಯಿಗಳಲ್ಲಿ ಐದು ಮಾತುಗಳು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಒಂದಕ್ಕೊಂದು ಹೊಂದುವಂಥವೂ ಅಲ್ಲ. ಹಳೆಯ ನಿವಾಸಿಯು ಬೇಡವೆನ್ನುವ ಮೇಲಂತಸ್ತಿನಲ್ಲಿಯೇ ಬಾಡಿಗೆದಾರನಿಗೆ ಆಶ್ರಯವಿದೆ. ರೆವಿನ್ಯೂ ಸೈಟಿನವನು ಬೇಡುವ ಸಕ್ರಮದಿಂದ ಕೆಲವೆಡೆ ರಾಜಕಾಲುವೆಯ ಕತ್ತು ಹಿಸುಕಿದಂತಾಗಿ, ತಗ್ಗಿನ ಮನೆಗೆ ನೀರು ನುಗ್ಗುವುದು. ಜನಾಭಿಪ್ರಾಯವೆಂಬುದು ಒಂದೇ ಕಂಠದ ಧ್ವನಿಯೆಂದು ಬಗೆದವರು ಈ ನಗರವನ್ನು ಅರಿಯರು. ಪರಸ್ಪರ ವಿರುದ್ಧವಾದ ನ್ಯಾಯಗಳನ್ನು ಎದುರುಬದುರು ಕುಳ್ಳಿರಿಸಿ ತೂಗಿ ನೋಡುವ ಸ್ಥಳವೊಂದು ಬೇಕು. ಆ ಸ್ಥಳವು ಇಲ್ಲದಿರುವುದೇ ಬೆಂಗಳೂರಿನ ಮೂಲವ್ಯಾಧಿಯೆಂದು ನಾವು ತಿಳಿದಿದ್ದೇವೆ.

ಹಿಂದೆ ಎಲ್ಲವೂ ಚೆನ್ನಾಗಿತ್ತೆಂದು ಹೇಳುವವರಲ್ಲಿ ನಾವು ಸೇರಿದವರಲ್ಲ. ೧೮೯೮ರಲ್ಲಿ ಪ್ಲೇಗಿನ ಮಾರಿಯು ಪೇಟೆಯನ್ನು ಹೊಕ್ಕ ಮೇಲೆಯೇ ಮಲ್ಲೇಶ್ವರ ಬಸವನಗುಡಿಗಳು ತುಂಬಿಕೊಂಡದ್ದು. ಅಂದಿನ ಯೋಜಕರೂ ಜನರ ಮತವನ್ನು ಕೇಳಿ ಕೆಲಸ ಮಾಡಿದವರಲ್ಲ. ಆದರೂ ಅವರ ಮುಂದೆ ಒಂದು ಸ್ಪಷ್ಟವಾದ ಉದ್ದೇಶವಿತ್ತು. ಗಾಳಿ, ಬೆಳಕು, ನೇರವಾದ ಬೀದಿ, ಮನೆಗಳ ಹಿಂಬದಿಗೆ ಶುಚಿಕಾರ್ಯಕ್ಕೊಂದು ಓಣಿ, ನಡುವೆ ಉದ್ಯಾನ, ಇವೆಲ್ಲವನ್ನೂ ಮೊದಲು ಕಲ್ಪಿಸಿ ಬಳಿಕ ಮನೆಯನ್ನು ಕಲ್ಪಿಸಿದರು. ೧೯೪೫ರಲ್ಲಿ ನಗರಾಭಿವೃದ್ಧಿಗಾಗಿ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ೧೯೭೬ರಲ್ಲಿ ಅದರ ಸ್ಥಾನಕ್ಕೆ ಅಭಿವೃದ್ಧಿ ಪ್ರಾಧಿಕಾರವು ಬಂದಿತು. ಬಹುಕಾಲ ನಗರದ ನಕ್ಷೆಯನ್ನು ಬರೆಯುವ ಕೈಯೂ ನಿವೇಶನಗಳನ್ನು ಮಾರುವ ಕೈಯೂ ಒಂದೇ ಆಗಿದ್ದಿತು. ತಕ್ಕಡಿಯನ್ನು ಹಿಡಿದವನೇ ಅಂಗಡಿಯ ಮಾಲೀಕನಾದರೆ ತೂಕದಲ್ಲಿ ನಂಬಿಕೆಯು ಹೇಗೆ ಉಳಿಯಬೇಕು? ಕ್ರಮೇಣ ಸೈಟೆಂಬುದು ಮನೆಗೆ ನೆಲವಾಗಿದ್ದ ಕಾಲ ಹೋಗಿ, ಹಣವನ್ನು ಹೂತಿಡುವ ಹೊಂಡವಾಯಿತು. ಮನೆಯಿಲ್ಲದವರು ಮೈಲಿಗಟ್ಟಲೆ ದೂರ ಸರಿದರು. ಖಾಲಿ ಸೈಟುಗಳಲ್ಲಿ ಪಾರ್ಥೇನಿಯಮ್ ಬೆಳೆಯಿತು.

ಭೂವ್ಯಾಪಾರಿಗಳ ಮೇಲೆ ಎಲ್ಲ ದೋಷವನ್ನೂ ಹೊರಿಸುವುದು ಸುಲಭ. ಆದರೆ ಕೆರೆಯನ್ನು ಮುಚ್ಚುವ ವಿದ್ಯೆಯನ್ನು ಅವರಿಗೆ ಕಲಿಸಿದವರಾರು? ಧರ್ಮಾಂಬುಧಿಯ ಅಂಗಳದಲ್ಲಿ ಬಸ್ಸಿನ ನಿಲ್ದಾಣವು ಎದ್ದಿತು. ಸಂಪಂಗಿ ಕೆರೆಯು ಕಂಠೀರವ ಕ್ರೀಡಾಂಗಣವಾಯಿತು. ಚಲ್ಲಘಟ್ಟದ ಕೆರೆಯು ಗಾಲ್ಫ್ ಮೈದಾನವಾಯಿತು. ಇವೆಲ್ಲ ಬೆಳಕಿನಲ್ಲಿ, ಸಾರ್ವಜನಿಕ ಪ್ರಯೋಜನದ ಹೆಸರಿನಲ್ಲಿ ನಡೆದ ಕೆಲಸಗಳು. ಹಿರಿಯರು ನಡೆದ ದಾರಿಯಲ್ಲಿ ಕಿರಿಯರೂ ನಡೆದರು. ನೀರಾದರೋ ಖಾತೆಯನ್ನೂ ಕ್ರಯಪತ್ರವನ್ನೂ ಓದಬಲ್ಲುದಲ್ಲ. ಅದಕ್ಕೆ ಗೊತ್ತಿರುವುದು ಹಳೆಯ ದಾರಿಯೊಂದೇ. ೨೦೨೨ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ದೋಣಿಯಲ್ಲಿಯೂ ಟ್ರಾಕ್ಟರಿನಲ್ಲಿಯೂ ಹೊರಗೆ ಸಾಗಿಸಬೇಕಾಯಿತು. ಅದೇ ನಗರದಲ್ಲಿ ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿಗೆ ಜನರು ಬಿಂದಿಗೆ ಹಿಡಿದು ನಿಂತರು. ಕೆರೆಯನ್ನು ಕಳೆದುಕೊಂಡ ಊರಿಗೆ ಮಳೆಯೂ ಶತ್ರುವಾಗುವುದು, ಬಿಸಿಲೂ ಶತ್ರುವಾಗುವುದು.

ಇಲ್ಲಿ ಒಂದು ಲೆಕ್ಕವನ್ನು ವಾಚಕರ ಮುಂದಿಡಬಯಸುತ್ತೇವೆ. ನಗರದ ಸುತ್ತಲಿನ ೧೧೦ ಹಳ್ಳಿಗಳನ್ನು ಮಹಾನಗರಪಾಲಿಕೆಯಲ್ಲಿ ಸೇರಿಸಿದ್ದು ೨೦೦೭ರಲ್ಲಿ. ಆ ಹಳ್ಳಿಗಳಿಗೆಂದು ದಿನಕ್ಕೆ ೭೭೫ ದಶಲಕ್ಷ ಲೀಟರು ನೀರನ್ನು ತರುವ ಕಾವೇರಿಯ ಐದನೆಯ ಹಂತದ ಯೋಜನೆಗೆ ಚಾಲನೆ ದೊರೆತದ್ದು ೨೦೨೪ರ ಅಕ್ಟೋಬರಿನಲ್ಲಿ. ನಡುವೆ ೧೭ ವರ್ಷಗಳು. ಈ ೧೭ ವರ್ಷಗಳೂ ಅಲ್ಲಿ ಸೈಟುಗಳು ಮಾರಾಟವಾದವು, ನಕ್ಷೆಗಳು ಮಂಜೂರಾದವು, ನೋಂದಣಿಯ ಶುಲ್ಕವು ಸರಕಾರದ ಬೊಕ್ಕಸವನ್ನು ಸೇರಿತು. ಹಣವು ಮೊದಲ ದಿನವೇ ಹೋಯಿತು. ನೀರು ಒಂದು ತಲೆಮಾರು ಕಳೆದು ಬಂದಿತು. ಮನೆ ಮೊದಲೋ ನೀರು ಮೊದಲೋ ಎಂದು ಆ ಹಳ್ಳಿಗರನ್ನು ಯಾರಾದರೂ ಕೇಳಿದ್ದರೆ ಉತ್ತರವೇನು ಬರುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ.

ಆದರೆ ಕೇಳುವವರು ಯಾರು? ಈ ನಗರದ ಇತ್ತೀಚಿನ ಇತಿಹಾಸದಲ್ಲಿ ಒಂದು ವಿಚಿತ್ರವಾದ ಸಂಗತಿಯು ನಮ್ಮ ಕಣ್ಣಿಗೆ ಬಿದ್ದಿದೆ. ೨೦೦೬ರ ಕೊನೆಯಿಂದ ೨೦೧೦ರ ವರೆಗೆ ಇಲ್ಲಿ ಚುನಾಯಿತ ನಗರಸಭೆಯಿರಲಿಲ್ಲ. ಬೃಹತ್ ಮಹಾನಗರಪಾಲಿಕೆಯು ರೂಪುಗೊಂಡುದೂ, ೨೦೧೫ರ ವರೆಗಿನ ಪರಿಷ್ಕೃತ ಮಹಾಯೋಜನೆಗೆ ಒಪ್ಪಿಗೆ ದೊರೆತುದೂ ಅದೇ ಅವಧಿಯಲ್ಲಿ, ೨೦೦೭ರಲ್ಲಿ. ಪುನಃ ೨೦೨೦ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿಯು ಮುಗಿಯಿತು; ಬಳಿಕ ಐದು ವರ್ಷಗಳು ಸಭೆಯಿಲ್ಲದೆಯೇ ಕಳೆದವು. ಗ್ರೇಟರ್ ಬೆಂಗಳೂರು ಆಡಳಿತದ ಕಾಯಿದೆಯು ೨೦೨೫ರ ಮೇ ತಿಂಗಳಲ್ಲಿ ಜಾರಿಗೆ ಬಂದುದೂ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಗರವು ಐದು ಪಾಲಿಕೆಗಳಾಗಿ ಒಡೆದುದೂ ಆ ಶೂನ್ಯಕಾಲದಲ್ಲಿಯೇ. ಎಂದರೆ, ಊರಿನ ಅತಿ ದೊಡ್ಡ ನಿರ್ಣಯಗಳು ಊರಿಗೆ ಬಾಯಿಲ್ಲದ ಸಮಯದಲ್ಲಿಯೇ ನಡೆದಿವೆ. ಈ ನಿರ್ಣಯಗಳು ತಪ್ಪೆಂದು ನಾವು ಹೇಳುವುದಿಲ್ಲ. ಅವು ಸರಿಯೇ ಆಗಿದ್ದರೂ, ಮನೆಯ ಯಜಮಾನನಿಲ್ಲದ ವೇಳೆಯಲ್ಲಿ ಮನೆಯ ಗೋಡೆಗಳನ್ನು ಸರಿಸಿದಂತೆ ನಡೆದವು ಎಂಬುದೇ ನಮ್ಮ ಆಕ್ಷೇಪಣೆ.

ಆಕ್ಷೇಪಣೆಗಳನ್ನು ಆಹ್ವಾನಿಸುವ ಪದ್ಧತಿಯು ಕಾಯಿದೆಯಲ್ಲಿದೆಯಲ್ಲವೇ ಎಂದು ಅಧಿಕಾರಿಗಳು ಕೇಳಬಹುದು. ಇದೆ. ೨೦೩೧ರ ವರೆಗಿನ ಮಹಾಯೋಜನೆಯ ಕರಡು ೨೦೧೭ರ ನವೆಂಬರಿನಲ್ಲಿ ಪ್ರಕಟವಾದಾಗ ಪೌರರು ಸಾವಿರಾರು ಆಕ್ಷೇಪಣೆಗಳನ್ನು ಬರೆದು ಸಲ್ಲಿಸಿದರು. ೨೦೨೦ರಲ್ಲಿ ಆ ಕರಡನ್ನೇ ಹಿಂದಕ್ಕೆ ಪಡೆಯಲಾಯಿತು. ಜನರು ಬರೆದುದಕ್ಕೆ ಉತ್ತರವೂ ಇಲ್ಲ, ಹೊಸ ಯೋಜನೆಯೂ ಇಲ್ಲ. ೨೦೧೫ಕ್ಕೆ ಮುಗಿಯಬೇಕಾದ ಹಳೆಯ ಯೋಜನೆಯೇ ವರ್ಷಾನುವರ್ಷ ಎಳೆದುಕೊಂಡು ನಡೆಯಿತು. ಮಹಾಜನರ ಮಾತನ್ನು ಕಾಗದದ ಮೇಲೆ ಬರೆಯಿಸಿಕೊಂಡು ಕಡತದಲ್ಲಿ ಮಲಗಿಸುವುದು ಅಭಿಪ್ರಾಯ ಸಂಗ್ರಹವಲ್ಲ, ಅಭಿಪ್ರಾಯದ ಸಮಾಧಿ.

ಹೀಗಿರುವಾಗ ಜನರಿಗೆ ಉಳಿದ ದಾರಿಯು ಬೀದಿಯೊಂದೇ. ೨೦೧೬ರ ಅಕ್ಟೋಬರ್ ೧೬ರಂದು ಬಸವೇಶ್ವರ ವೃತ್ತದಿಂದ ಹೆಬ್ಬಾಳದ ವರೆಗಿನ ಉಕ್ಕಿನ ಮೇಲ್ಸೇತುವೆಯನ್ನು ವಿರೋಧಿಸಿ ಸಾವಿರಾರು ಪೌರರು ಕೈಕೈ ಹಿಡಿದು ಸರಪಳಿಯಂತೆ ನಿಂತರು. ಎಂಟುನೂರಕ್ಕೂ ಹೆಚ್ಚು ಮರಗಳನ್ನು ಬಲಿಗೊಳ್ಳಲಿದ್ದ ಆ ಯೋಜನೆಯನ್ನು ಸರಕಾರವು ೨೦೧೭ರ ಮಾರ್ಚಿಯಲ್ಲಿ ಕೈಬಿಟ್ಟಿತು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ ೧,೭೭೭ ಎಕರೆ ಜಮೀನಿನ ವಿಷಯದಲ್ಲಿ ರೈತರು ಮೂರು ವರ್ಷಗಳಿಗೂ ಮೀರಿ ಧರಣಿ ಕುಳಿತರು. ೨೦೨೫ರ ಜುಲೈ ೧೫ರಂದು ಆ ಭೂಸ್ವಾಧೀನವು ರದ್ದಾಯಿತು. ಇವು ಜನಶಕ್ತಿಯ ಜಯಗಳೆಂಬುದರಲ್ಲಿ ಸಂಶಯವಿಲ್ಲ. ನಾವು ಅವುಗಳಿಗಾಗಿ ಹರ್ಷಪಡುತ್ತೇವೆ. ಆದರೂ ಅವೆರಡೂ ‘ಬೇಡ’ವೆಂಬ ಮಾತಿನ ಜಯಗಳು. ನಮ್ಮ ನಗರವು ಬೇಡವೆನ್ನಲು ಕಲಿತಿದೆ. ಬೇಕೆನ್ನಲು ಅದಕ್ಕೆ ಸ್ಥಳವಿಲ್ಲ. ಸೇತುವೆ ಬೇಡವಾದರೆ ಹೆಬ್ಬಾಳಕ್ಕೆ ಹೋಗುವ ದಾರಿಹೋಕನಿಗೆ ಏನು ಬೇಕು? ಹೊಲವು ಹೊಲವಾಗಿಯೇ ಉಳಿಯಬೇಕಾದರೆ ಕಾರ್ಖಾನೆಯು ಎಲ್ಲಿ ಏಳಬೇಕು? ಬೀದಿಯು ಇಂಥ ಪ್ರಶ್ನೆಗಳನ್ನು ಬಿಡಿಸಲಾರದು. ಅದು ಸಭೆಯ ಕೆಲಸ.

ಆ ಸಭೆಯನ್ನು ನಾವು ಹೊಸದಾಗಿ ಕಲ್ಪಿಸಬೇಕಾಗಿಲ್ಲ. ೧೯೯೨ರ ೭೪ನೆಯ ತಿದ್ದುಪಡಿಯಿಂದ ಅದು ನಮ್ಮ ಸಂವಿಧಾನದಲ್ಲಿಯೇ ನೆಲೆಗೊಂಡಿದೆ. ನಗರಸಭೆಯ ಐದು ವರ್ಷದ ಅವಧಿಯು ಮುಗಿಯುವ ಮುನ್ನವೇ ಹೊಸ ಚುನಾವಣೆಯು ನಡೆಯತಕ್ಕದ್ದು. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನರಿರುವ ನಗರದಲ್ಲಿ ವಾರ್ಡು ಸಮಿತಿಗಳಿರತಕ್ಕದ್ದು. ಮಹಾನಗರದ ಯೋಜನಾ ಸಮಿತಿಯ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಜನರನ್ನು ನಗರಸಭೆ, ಪಂಚಾಯತಿಗಳ ಪ್ರತಿನಿಧಿಗಳು ತಮ್ಮೊಳಗಿಂದಲೇ ಆರಿಸತಕ್ಕದ್ದು. ಪರಕೀಯರ ಆಳಿಕೆಯ ಕಾಲದಲ್ಲಿ, ೧೮೮೨ರಲ್ಲಿ, ಲಾರ್ಡ್ ರಿಪ್ಪನ್ನನ ಸರಕಾರವು ಕೂಡ ಸ್ಥಳೀಯ ಸ್ವರಾಜ್ಯವು ಜನರ ರಾಜಕೀಯ ಶಿಕ್ಷಣಕ್ಕೆ ಸಾಧನವೆಂದು ಒಪ್ಪಿಕೊಂಡಿತ್ತು. ಸ್ವತಂತ್ರ ಭಾರತದ ಒಂದು ಮಹಾನಗರಕ್ಕೆ ಅಷ್ಟು ವಿಶ್ವಾಸವನ್ನಾದರೂ ತೋರಿಸಬಾರದೇ? ಸ್ವರಾಜ್ಯವು ದಿಲ್ಲಿಗೆ ಬಂದರೆ ಸಾಲದು. ವಿಧಾನಸೌಧಕ್ಕೆ ಬಂದರೂ ಸಾಲದು. ಅದು ನಮ್ಮ ಓಣಿಯ ಚರಂಡಿಯ ತನಕ ಬರಬೇಕು.

ಸರಕಾರಕ್ಕೆ ಇಷ್ಟು ಹೇಳಿದ ಮೇಲೆ ಪೌರರಿಗೂ ಎರಡು ಮಾತು ಹೇಳದಿದ್ದರೆ ಪತ್ರಿಕಾಧರ್ಮಕ್ಕೆ ಲೋಪ ಬಂದೀತು. ಕೆರೆಯು ಉಳಿಯಬೇಕೆಂದು ನಾವೆಲ್ಲರೂ ಬಯಸುತ್ತೇವೆ. ಕೆರೆಯಂಗಳದ ಸೈಟು ಅಗ್ಗಕ್ಕೆ ಸಿಕ್ಕಿದರೆ ವಿಚಾರಿಸದೆ ಕೊಳ್ಳುತ್ತೇವೆ. ಬೀದಿಯು ಇಕ್ಕಟ್ಟಾಯಿತೆಂದು ದೂರುತ್ತೇವೆ. ನಮ್ಮ ಮನೆಗೆ ಒಂದಂತಸ್ತನ್ನು ಗುಟ್ಟಾಗಿ ಏರಿಸುತ್ತೇವೆ. ಸಕ್ರಮದ ಯೋಜನೆಯು ೨೦೧೭ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತಡೆಯಾಜ್ಞೆಗೆ ಗುರಿಯಾದಾಗ ಮನೆಮನೆಯಲ್ಲಿಯೂ ಉಂಟಾದ ಆತಂಕವು, ತಪ್ಪು ಎಷ್ಟು ವಿಶಾಲವಾಗಿ ಹಂಚಿಹೋಗಿದೆಯೆಂಬುದನ್ನು ತೋರಿಸಿತು. ಬಡವನು ಬೇರೆ ದಾರಿಯಿಲ್ಲದೆ ರೆವಿನ್ಯೂ ಸೈಟನ್ನು ಕೊಂಡರೆ ಅದು ಕ್ಷಮ್ಯ. ತಿಳಿದವರೂ ಉಳ್ಳವರೂ ಅದನ್ನೇ ಮಾಡಿ, ಬಳಿಕ ಸರಕಾರವನ್ನು ಬಯ್ಯುವುದು ನ್ಯಾಯವೇ? ನಗರಸಭೆಯ ಚುನಾವಣೆ ನಡೆದಾಗಲಾದರೂ ಮತಗಟ್ಟೆಗೆ ಹೋಗದೆ ರಜೆಯ ಸುಖವನ್ನು ಅನುಭವಿಸುವವರಿಗೆ, ನಮ್ಮ ಮಾತನ್ನು ಯಾರೂ ಕೇಳಲಿಲ್ಲವೆನ್ನುವ ಹಕ್ಕು ಎಷ್ಟರಮಟ್ಟಿಗೆ ಉಳಿದೀತು?

ಆದುದರಿಂದ ನಮ್ಮ ಸೂಚನೆಗಳು ಅಲ್ಪವಾದವು. ನಗರಸಭೆಗೆ ಒಂದು ದಿನವೂ ಶೂನ್ಯಕಾಲವಿರಕೂಡದು. ಪ್ರತಿಯೊಂದು ವಾರ್ಡಿನ ಕಚೇರಿಯ ಗೋಡೆಯ ಮೇಲೆ ಆ ಪ್ರದೇಶದ ಹಳೆಯ ಗ್ರಾಮನಕ್ಷೆಯು, ಕೆರೆ, ಕಾಲುವೆ, ಗೋಮಾಳಗಳ ಗುರುತಿನೊಡನೆ, ಓದುಬಲ್ಲ ಯಾರಿಗೂ ಕಾಣುವಂತೆ ಕನ್ನಡದಲ್ಲಿ ತೂಗಬೇಕು. ಹೊಸ ಬಡಾವಣೆಗೆ ನೀರು ಚರಂಡಿಗಳ ಏರ್ಪಾಡು ಆಗುವ ಮೊದಲು ಒಂದು ಸೈಟೂ ಮಾರಾಟವಾಗಬಾರದು. ದೊಡ್ಡ ಕಾಮಗಾರಿಯ ಪ್ರಸ್ತಾಪವು ಟೆಂಡರಿಗೆ ಹೋಗುವ ಮುನ್ನ ವಾರ್ಡು ಸಭೆಗೆ ಬರಬೇಕು. ಆ ಸಭೆಯಲ್ಲಿ ಮನೆಯೊಡೆಯನಷ್ಟೇ ಸಮನಾಗಿ ಬಾಡಿಗೆದಾರನೂ ಮಾತಾಡಬೇಕು. ಜನರ ಆಕ್ಷೇಪಣೆಯನ್ನು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂಬ ಕಾರಣವನ್ನು ಬರೆದು ಪ್ರಕಟಿಸಬೇಕು. ಇವುಗಳಲ್ಲಿ ಯಾವುದಕ್ಕೂ ಸಾವಿರ ಕೋಟಿ ಬೇಕಿಲ್ಲ.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯು ನಮ್ಮಲ್ಲಿ ಹಳೆಯದು. ಬೆಂಗಳೂರು ಇನ್ನೂ ಪೂರ್ಣವಾಗಿ ಕೊಳ್ಳೆಹೋಗಿಲ್ಲ. ಉಳಿದ ಕೆರೆಗಳಿವೆ, ಉಳಿದ ಮರಗಳಿವೆ, ಎಲ್ಲಕ್ಕಿಂತ ಮಿಗಿಲಾಗಿ ಊರಿನ ಹಿತಕ್ಕಾಗಿ ಮರುಗುವ ಜನರಿದ್ದಾರೆ. ಅವರ ಮರುಕಕ್ಕೆ ಒಂದು ಸಭೆಯನ್ನೂ, ಸಭೆಗೆ ಒಂದು ಅಧಿಕಾರವನ್ನೂ ಕೊಡುವುದು ಸರಕಾರದ ಕರ್ತವ್ಯ. ಸಭೆಯು ದೊರೆತ ದಿನ ಎದ್ದು ಹೋಗಿ ಅಲ್ಲಿ ಕುಳಿತುಕೊಳ್ಳುವುದು ನಮ್ಮ ಕರ್ತವ್ಯ.