ಹದಿನಾರು, ಹತ್ತು, ನಡುವೆ ಹನ್ನೆರಡು

ಪುಣೆಯ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಗೆ ಬರವಿಲ್ಲ. ಸದಾಶಿವ ಪೇಟೆಯ ಅಭ್ಯಾಸಿಕೆಗಳಲ್ಲಿ (ಬಾಡಿಗೆಯ ಓದುಕೋಣೆಗಳಲ್ಲಿ) ಹಗಲು ರಾತ್ರಿ ಓದುವವರು, ಐಟಿ ಕೆಲಸ ಹುಡುಕಿಕೊಂಡು ವಿಜಯಪುರ, ಕಲಬುರಗಿ ಕಡೆಯಿಂದ ಬಂದ ನಮ್ಮ ಹುಡುಗರು, ಎಲ್ಲರೂ ಇಲ್ಲಿಗೇ ಬರಬೇಕು. ಗೈಡಿನ ‘ಮಿಶ್ರಣ ಮತ್ತು ಅಲಿಗೇಷನ್’ ಅಧ್ಯಾಯ ತೆರೆದರೆ ಒಂದು ಕತ್ತರಿ ಗುರುತು ಎದುರಾಗುತ್ತದೆ. ಎಡಕ್ಕೊಂದು ಸಂಖ್ಯೆ, ಬಲಕ್ಕೊಂದು, ನಡುವೆ ಸರಾಸರಿ. ಓರೆಯಾಗಿ ಕಳೆದರೆ ಅನುಪಾತ ಸಿಕ್ಕಿತು.

ಈ ಅಡ್ಡದಾರಿಯ ಮೋಹ ಅರ್ಥವಾಗದ್ದೇನಲ್ಲ. ಯುಪಿಎಸ್‌ಸಿಯ ಸಿಸ್ಯಾಟ್ ಪತ್ರಿಕೆಯಲ್ಲಿ 2 ಗಂಟೆಗೆ 80 ಪ್ರಶ್ನೆ, ಅಂದರೆ ಒಂದಕ್ಕೆ ಒಂದೂವರೆ ನಿಮಿಷ. ತಪ್ಪಾದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಪಾಲು ಕಡಿತ. ಆದರೆ ಓರೆಯಾಗಿ ಯಾಕೆ ಕಳೆಯಬೇಕು ಎಂದು ಕೇಳಿದರೆ ಹೆಚ್ಚಿನ ಗೈಡುಗಳು ಬಾಯಿ ಬಿಡುವುದಿಲ್ಲ.

ಉತ್ತರ ಹುಡುಕಲು ದೂರ ಹೋಗಬೇಕಾಗಿಯೂ ಇಲ್ಲ. ಈ ಪುಸ್ತಕದಂಗಡಿಗಳಿರುವ ಬುಧವಾರ ಪೇಟೆಯಲ್ಲಿ, ಚೌಕದ ಬಳಿಯೇ, ಮಹಾದೇವ ಚಿಮಣಾಜಿ ಆಪಟೆ 1888ರಲ್ಲಿ ಕಟ್ಟಿದ ಆನಂದಾಶ್ರಮ ಸಂಸ್ಥೆಯಿದೆ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ‘ಲೀಲಾವತಿ’ಯನ್ನು ಗಣೇಶ ದೈವಜ್ಞರ ‘ಬುದ್ಧಿವಿಲಾಸಿನಿ’ ವ್ಯಾಖ್ಯಾನದ ಸಮೇತ 1937ರಲ್ಲಿ ಅಚ್ಚು ಹಾಕಿಸಿದ್ದು ಈ ಸಂಸ್ಥೆಯೇ. ಗೈಡಿನ ಕತ್ತರಿ ಲೆಕ್ಕ ಅಲ್ಲಿ ಚಿನ್ನದ ರೂಪದಲ್ಲಿದೆ. (ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಅದಕ್ಕೂ ಸುಮಾರು 300 ವರ್ಷ ಮೊದಲೇ ‘ಗಣಿತಸಾರಸಂಗ್ರಹ’ದಲ್ಲಿ ಚಿನ್ನದ ಬೆರಕೆಯ ಲೆಕ್ಕಗಳನ್ನು ಬಿಡಿಸಿಟ್ಟಿದ್ದರು.)

ಭಾಸ್ಕರರ ಪ್ರಶ್ನೆ ಇದು (‘ಬಣ್ಣ’ ಎಂದರೆ ಚಿನ್ನದ ಶುದ್ಧತೆಯ ಅಳತೆ): 16 ಬಣ್ಣದ ಚಿನ್ನ, 10 ಬಣ್ಣದ ಚಿನ್ನ ಕೂಡಿಸಿ ಕರಗಿಸಿದಾಗ 12 ಬಣ್ಣದ್ದಾಯಿತು, ಯಾವುದು ಎಷ್ಟಿತ್ತು? 16ರ ಪ್ರತಿ ಮಾಷವೂ (ಮಾಷ ಆಗಿನ ತೂಕದ ಅಳತೆ) 12ಕ್ಕಿಂತ 4 ಹೆಚ್ಚು ತರುತ್ತದೆ. 10ರ ಪ್ರತಿ ಮಾಷಕ್ಕೆ 2 ಕಡಿಮೆ ಬೀಳುತ್ತದೆ. ಹೆಚ್ಚಾದದ್ದು ಕಡಿಮೆಯಾದದ್ದಕ್ಕೆ ವಜಾ ಆಗಬೇಕಾದರೆ ಮೊದಲನೆಯದು 2 ಮಾಷ, ಎರಡನೆಯದು 4 ಮಾಷ ಇರಬೇಕು. ಆಗ ಎರಡೂ ಕಡೆ 8. ಓರೆ ಗೆರೆಯ ಗುಟ್ಟು ಇಷ್ಟೇ. ಲಕ್ಷ್ಮಿ ರಸ್ತೆಯ ಸರಾಫರ ಅಳತೆಯಲ್ಲಿ ಹೇಳುವುದಾದರೆ, 24 ಮತ್ತು 18 ಕ್ಯಾರೆಟ್ ಬೆರೆಸಿ 22 ಮಾಡಲು 4ಕ್ಕೆ 2, ಅಂದರೆ 2:1. ಡೇರಿಯವರದೂ ಇದೇ ಲೆಕ್ಕ: ಶೇ 3.5 ಕೊಬ್ಬಿನ ಹಸುವಿನ ಹಾಲು 3 ಪಾಲು, ಶೇ 6 ಕೊಬ್ಬಿನ ಎಮ್ಮೆ ಹಾಲು 2 ಪಾಲು ಸೇರಿದರೆ ಶೇ 4.5.

ಇಲ್ಲಿಯವರೆಗೆ ಸಲೀಸು. ಜಾಣರೂ ಎಡವುವುದು ವೇಗದ ಪ್ರಶ್ನೆಯಲ್ಲಿ. ಪುಣೆಯಿಂದ ಒಬ್ಬ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾತಾರ ದಾರಿ ಹಿಡಿದು ಹೋದ, ಅದೇ ದಾರಿಯಲ್ಲಿ 40ರ ವೇಗದಲ್ಲಿ ವಾಪಸಾದ. ಸರಾಸರಿ 48. ಕತ್ತರಿ ಹಾಕಿದರೆ 8:12, ಅಂದರೆ 2:3 ಬರುತ್ತದೆ. ಹೋದ ದೂರ ಬಂದ ದೂರ ಒಂದೇ ಆಗಿರುವಾಗ ಈ 2:3 ಯಾವುದರದು? ಸಮಯದ್ದು. 120 ಕಿ.ಮೀ. ಎಂದಿಟ್ಟುಕೊಂಡರೆ ಹೋಗಲು 2 ಗಂಟೆ, ಬರಲು 3 ಗಂಟೆ. ವೇಗವೆಂದರೆ ದೂರವನ್ನು ಸಮಯದಿಂದ ಭಾಗಿಸಿದ್ದು ತಾನೇ? ಛೇದದಲ್ಲಿ ಏನು ಕೂತಿದೆಯೋ ಕತ್ತರಿ ಅದರ ಅನುಪಾತವನ್ನೇ ಕೊಡುತ್ತದೆ. ಲಾಭದ ಲೆಕ್ಕವೂ ಹಾಗೆಯೇ. ಒಂದು ಮಾಲಿಗೆ ಶೇ 10, ಇನ್ನೊಂದಕ್ಕೆ ಶೇ 25, ಒಟ್ಟಾರೆ ಶೇ 15 ಲಾಭ ಬಂದರೆ 2:1 ಎಂಬುದು ಅಸಲು ಬೆಲೆಯ ಅನುಪಾತ, ಮಾರಿದ ಬೆಲೆಯದಲ್ಲ. ನನ್ನನ್ನು ಕೇಳಿದರೆ, ಅಧ್ಯಾಯದ ಮೊದಲ ಸಾಲಿನಲ್ಲಿ ದಪ್ಪಕ್ಷರದಲ್ಲಿ ಇರಬೇಕಾದ ಮಾತು ಇದು.

ಮೂರು ನಾಲ್ಕು ಬಗೆ ಬೆರೆತಾಗ ಕತ್ತರಿಗೆ ಒಂದೇ ಉತ್ತರ ಸಿಗುವುದಿಲ್ಲ. ತೂಕ ಗೊತ್ತಿದ್ದರೆ ಗುಣಿಸಿ, ಕೂಡಿ, ಭಾಗಿಸುವುದೇ ನೇರ ದಾರಿ. ಭಾಸ್ಕರರ ಇನ್ನೊಂದು ಪ್ರಶ್ನೆಯಲ್ಲಿ 13, 12, 11, 10 ಬಣ್ಣದ ಚಿನ್ನ ಕ್ರಮವಾಗಿ 10, 4, 2, 4 ಮಾಷ. ಗುಣಿಸಿ ಕೂಡಿದರೆ 240, ತೂಕ 20, ಬಣ್ಣ 12. ಇದನ್ನೇ ಪುಟಕ್ಕೆ ಹಾಕಿದಾಗ ಕಸರು ಉರಿದು 16 ಮಾಷ ಉಳಿದರೆ? 240 ಕದಲುವುದಿಲ್ಲ, ಛೇದ ಮಾತ್ರ ಬದಲಾಗುತ್ತದೆ: 15 ಬಣ್ಣ.