ಖಾಲಿ ಕೌಂಟರ್ ನಿಮಗಾಗಿ ಕಾದಿಲ್ಲ

ಟೋಕಿಯೋದ ಯಾವುದೋ ಸೆವೆನ್-ಇಲೆವೆನ್‌ಗೋ ಲಾಸನ್ ಅಂಗಡಿಗೋ ಹೊಕ್ಕ ಪ್ರವಾಸಿ ಓನಿಗಿರಿ (ಅನ್ನದ ಉಂಡೆ), ನೀರಿನ ಬಾಟಲಿ ಹಿಡಿದು ನೇರ ಗಲ್ಲಾದ ಕಡೆ ನಡೆಯುತ್ತಾನೆ. ಇರುವ ಎರಡು ಕೌಂಟರ್‌ಗಳಲ್ಲಿ ಒಂದು ಈಗಷ್ಟೇ ಖಾಲಿಯಾಗಿದೆ. ಸ್ವಲ್ಪ ಹಿಂದೆ, ಬಿಸ್ಕತ್ತಿನ ಕಪಾಟಿನ ಪಕ್ಕ, ನಾಲ್ಕು ಜನ ಸುಮ್ಮನೆ ನಿಂತಿದ್ದಾರೆ. ಅವರು ಬಿಸ್ಕತ್ತು ಆರಿಸುತ್ತಿಲ್ಲ, ಸರದಿ ಕಾಯುತ್ತಿದ್ದಾರೆ.

ತಪ್ಪು ಕಲ್ಪನೆ: ಖಾಲಿ ಇರುವ ಕೌಂಟರ್‌ಗೆ ಯಾರು ಬೇಕಾದರೂ ಹೋಗಬಹುದು

ಜಪಾನಿನ ಬಹಳಷ್ಟು ಕೊಂಬಿನಿಗಳಲ್ಲಿ (ಅಲ್ಲಿನವರು ಈ ಅಂಗಡಿಗಳನ್ನು ಕರೆಯುವುದೇ ಹಾಗೆ) ಎಲ್ಲ ಕೌಂಟರ್‌ಗಳಿಗೂ ಸೇರಿ ಒಂದೇ ಸಾಲು. ಯಾವುದು ಖಾಲಿಯಾದರೂ ಸಾಲಿನ ತಲೆಯಲ್ಲಿರುವವರೇ ಹೋಗಬೇಕು. ಅಂಗಡಿ ಚಿಕ್ಕದು, ಗಲ್ಲಾದ ಎದುರೇ ಜನ ಗುಂಪುಗೂಡಿದರೆ ಓಡಾಡುವ ದಾರಿ ಮುಚ್ಚಿಹೋಗುತ್ತದೆ. ಹಾಗಾಗಿ ಸಾಲು ಕಪಾಟುಗಳ ನಡುವಿನ ಓಣಿಗೆ ತಿರುಗಿಕೊಳ್ಳುತ್ತದೆ, ಹೊಸಬರ ಕಣ್ಣಿಗೆ ಅದು ಸಾಲೆಂದೇ ಕಾಣುವುದಿಲ್ಲ. ಗುಟ್ಟು ಇರುವುದು ನೆಲದ ಮೇಲೆ: ಬಾಣದ ಗುರುತು, ಪಾದದ ಚಿತ್ರ, ಇಲ್ಲವೇ ಬರೀ ಒಂದು ಪಟ್ಟಿ. 2020ರಲ್ಲಿ ಕೋವಿಡ್ ಅಂತರದ ಮಾತು ಬಂದ ಮೇಲೆ ಇಂಥ ಗುರುತುಗಳು ಇನ್ನೂ ಹೆಚ್ಚಿದವು.

ಪದ್ಧತಿ ನಮಗೇನೂ ಹೊಸದಲ್ಲ. ಬೆಂಗಳೂರು ವಿಮಾನ ನಿಲ್ದಾಣದ ಚೆಕ್-ಇನ್ ಎದುರು ನಾವು ನಿಲ್ಲುವುದೂ ಹೀಗೆಯೇ, ಅಲ್ಲಿ ದಾರಿ ತೋರಿಸಲು ಪಟ್ಟಿ ಕಟ್ಟಿರುತ್ತಾರೆ ಅಷ್ಟೆ. ಲಾಭವೂ ಸ್ಪಷ್ಟ. ಕೊಂಬಿನಿಗೆ ಜನ ತಿಂಡಿಗಷ್ಟೇ ಬರುವುದಿಲ್ಲ. ಕರೆಂಟ್ ಬಿಲ್ಲು ಕಟ್ಟಲು, ಪಾರ್ಸೆಲ್ ಕಳಿಸಲು, ಟಿಕೆಟ್ ಪಡೆಯಲೂ ಬರುತ್ತಾರೆ. ಕೌಂಟರಿಗೊಂದು ಸಾಲಿದ್ದರೆ ಪಾರ್ಸೆಲ್ ಹಿಡಿದವರ ಹಿಂದೆ ನಿಂತವರ ಗ್ರಹಚಾರ ಕೆಟ್ಟಂತೆಯೇ. ಒಂದೇ ಸಾಲಾದರೆ ತಡ ಎಲ್ಲರಿಗೂ ಹಂಚಿಹೋಗುತ್ತದೆ, ಆಮೇಲೆ ಬಂದವರು ಮೊದಲೇ ಕೌಂಟರ್ ಸೇರುವುದು ತಪ್ಪುತ್ತದೆ.

ತಪ್ಪು ಕಲ್ಪನೆ: ಯಾರೂ ಏನೂ ಅನ್ನಲಿಲ್ಲ, ಅಂದರೆ ಸರಿಯೇ ಇತ್ತು

ಮೌನವೇ ಸಮ್ಮತಿ ಎಂಬ ನಮ್ಮ ಲೆಕ್ಕ ಇಲ್ಲಿ ತಾಳೆಯಾಗದು. ಅಪರಿಚಿತರೊಡನೆ ಮಾತಿಗೆ ಮಾತು ಬೆಳೆಸುವ ಬದಲು ನುಂಗಿಕೊಳ್ಳುವವರೇ ಹೆಚ್ಚು. ಸಿಬ್ಬಂದಿ ಕೆಲವೊಮ್ಮೆ ಕೈ ಚಾಚಿ ಸಾಲಿನ ಕೊನೆ ತೋರಿಸುತ್ತಾರೆ, ಕೆಲವೊಮ್ಮೆ ಬಿಲ್ಲು ಮಾಡಿ ಕಳಿಸಿಬಿಡುತ್ತಾರೆ.

ತಪ್ಪು ಕಲ್ಪನೆ: ಸ್ವಯಂ ಪಾವತಿ ಯಂತ್ರಕ್ಕೆ ಸಾಲಿಲ್ಲ

ಕೆಲವು ಕಡೆ ಬೇರೆ ಸಾಲು, ಕೆಲವು ಕಡೆ ಅದೇ ಸಾಲು. ಅಂಗಡಿ ಅಂಗಡಿಗೂ ವ್ಯತ್ಯಾಸ ಇರುವುದರಿಂದ ಮತ್ತೆ ನೆಲವನ್ನೇ ನೋಡಬೇಕು.

ತಪ್ಪು ಕಲ್ಪನೆ: ಸಾಲು ಮುರಿದರೆ ಪೊಲೀಸರು ಬರುತ್ತಾರೆ

ಇದರಲ್ಲಿ ಒಂದೆಳೆ ನಿಜವಿದೆ. ಜಪಾನಿನ 1948ರ ಸಣ್ಣ ಅಪರಾಧಗಳ ಕಾಯ್ದೆ ದರ್ಪ ತೋರಿಸಿ ಸಾಲಿನಲ್ಲಿ ನುಗ್ಗುವುದನ್ನು ಶಿಕ್ಷಾರ್ಹವೆಂದು ಹೇಳುತ್ತದೆ. ಆದರೆ ಅದು ಹೆಸರಿಸುವುದು ರೈಲು, ಬಸ್ಸು, ಹಡಗು, ನಾಟಕದಂಥ ಪ್ರದರ್ಶನ, ಅವುಗಳ ಟಿಕೆಟ್ ಮತ್ತು ಪಡಿತರದ ಸಾಲುಗಳನ್ನು. ಅಂಗಡಿಯ ಗಲ್ಲಾ ಆ ಪಟ್ಟಿಯಲ್ಲಿಲ್ಲ. ಗೊತ್ತಿಲ್ಲದೆ ಮುಂದೆ ಹೋದ ಪ್ರವಾಸಿಗೆ ಸಿಗುವ ಶಿಕ್ಷೆ ನಾಲ್ಕು ಜನರ ನೋಟ ಮಾತ್ರ.

ತಪ್ಪು ಕಲ್ಪನೆ: ಜಪಾನೀಯರಿಗೆ ಶಿಸ್ತು ಹುಟ್ಟುಗುಣ

ನಮ್ಮ ಪ್ರವಾಸಕಥನಗಳು ತಪ್ಪದೆ ಹಾಡುವ ಹೊಗಳಿಕೆ ಇದು. ಮೇಲಿನ ಕಾಯ್ದೆಯೇ ಅದಕ್ಕೆ ಉತ್ತರ: ಯಾರೂ ನುಗ್ಗದ ದೇಶ ನುಗ್ಗಬಾರದೆಂದು ಕಾನೂನು ಬರೆಯುತ್ತದೆಯೇ? ಕಾಯ್ದೆ ಬಂದದ್ದು ಎರಡನೇ ಮಹಾಯುದ್ಧ ಮುಗಿದು ಪಡಿತರಕ್ಕೆ ಜನ ಪರದಾಡುತ್ತಿದ್ದ ಕಾಲ. 1973ರ ತೈಲ ಬಿಕ್ಕಟ್ಟಿನಲ್ಲಿ ಕಾಗದಕ್ಕೆ ಬರ ಬರಲಿದೆಯೆಂಬ ಗಾಳಿಸುದ್ದಿ ಹಬ್ಬಿದಾಗ, ಒಸಾಕಾ ಬಳಿಯ ಸೆನ್ರಿ ನ್ಯೂಟೌನ್‌ನ ಸೂಪರ್‌ಮಾರ್ಕೆಟ್‌ಗೆ ಜನ ಟಾಯ್ಲೆಟ್ ಪೇಪರಿಗಾಗಿ ಮುಗಿಬಿದ್ದರು. ಆ ಗಾಬರಿ ದೇಶಕ್ಕೇ ಹರಡಿತು. ಹೀಗೆ ಮುಗಿಬಿದ್ದ ಜನರ ನಡುವೆಯೇ, ಟೋಕಿಯೋದ ಟೊಯೊಸುದಲ್ಲಿ, ಜಪಾನಿನ ಮೊದಲ ಸೆವೆನ್-ಇಲೆವೆನ್ ಬಾಗಿಲು ತೆರೆದದ್ದು ಮರುವರ್ಷ, 1974ರ ಮೇ ತಿಂಗಳಲ್ಲಿ. ಶಿಸ್ತು ಹುಟ್ಟಿನಿಂದ ಬಂದದ್ದಲ್ಲ, ಕಲಿಸಿದ್ದು; ಇಂದಿಗೂ ಆ ಕಲಿಸುವ ಕೆಲಸ ಮುಗಿದಿಲ್ಲ: ಎಸ್ಕಲೇಟರ್ ಮೇಲೆ ನಡೆಯದೆ ನಿಲ್ಲಿರೆಂದು ಸೈತಾಮಾ ಪ್ರಾಂತ್ಯ 2021ರಲ್ಲಿ ನಿಯಮವನ್ನೇ ಜಾರಿಗೆ ತಂದಿತು.

ಗುರುತು ಕಾಣದಿದ್ದರೆ, ನಿಂತವರನ್ನು "ನರಂದೆಮಸ್ ಕಾ?" ಎಂದು ಕೇಳಿ. ಸಾಲಿನಲ್ಲಿದ್ದೀರಾ ಎಂದರ್ಥ. ಉತ್ತರ "ಹಾಯ್" ಎಂದು ಬಂದರೆ ಹೌದು ಎಂದು ತಿಳಿದು ಅವರ ಹಿಂದೆ ನಿಲ್ಲಿ. ಅದನ್ನು ನಮಸ್ಕಾರವೆಂದುಕೊಂಡು ನೀವೂ "ಹಾಯ್" ಎಂದು ಮುಂದೆ ನಡೆದುಬಿಡಬೇಡಿ.